ಎಣ್ಣೆಯಲ್ಲದ ಎಣ್ಣೆ

ಸಕಲೇಶಪುರದಲ್ಲಿ ನನ್ನ ಚಿಕ್ಕಪ್ಪನದೊಂದು ಗ್ಯಾರೇಜಿದೆ. ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರಲು ಅವರು ಒಂದು ಹಳೆಯ ಪಿಕಪ್ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ಬಳಕೆಯಾಗುವ ಯಂತ್ರಸಂಬಂಧಿ ಪದಗಳ ಚರಿತ್ರೆ ನನ್ನ ಪಿಎಚ್‌.ಡಿ. ವಿಷಯ. ಹಾಗಾಗಿ ರಜೆ ಸಿಕ್ಕಾಗಲೆಲ್ಲ ನೋಟ್‌ಬುಕ್ ಹಿಡಿದು ಆ ಗ್ಯಾರೇಜಿನ ಮೂಲೆಯಲ್ಲಿ ಕೂರುತ್ತೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಡೆದ ಒಂದು ಸಂಗತಿ, ಯಾವ ಪತ್ರಾಗಾರದಲ್ಲೂ ಸಿಗದ ಪಾಠವನ್ನು ನನಗೆ ಕಲಿಸಿತು.

ಅಂದು ಗುಂಡ್ಯದ ಕಡೆಯಿಂದ ಒಂದು ಜೀಪನ್ನು ಎಳೆದುಕೊಂಡು ಘಾಟಿ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲೇ ಪಿಕಪ್ ಏದುಸಿರು ಬಿಡತೊಡಗಿತು. ಸುಟ್ಟ ವಾಸನೆ ಬೇರೆ. ದೋಣಿಗಾಲ್ ಹತ್ತಿರ ರಸ್ತೆ ಸಮತಟ್ಟಾದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ಇಳಿದೆವು. ಚಿಕ್ಕಪ್ಪ ಮುಟ್ಟದೆಯೇ ಅಂಗೈಯ ಹಿಂಬದಿಯನ್ನು ಒಂದೊಂದು ಚಕ್ರದ ಹತ್ತಿರ ಹಿಡಿದು ನೋಡಿದರು. ನಾಲ್ಕೂ ಕಾದಿದ್ದವು. ನಾನು ನೀರಿನ ಬಾಟಲಿ ತೆಗೆದೆ. "ನೀರು ಹಾಕ್ಬೇಡ, ಡಿಸ್ಕ್ ಸೊಟ್ಟಾಗುತ್ತೆ" ಎಂದು ತಡೆದರು.

ಘಾಟಿ ಏರುವಾಗ ಬ್ರೇಕ್ ತುಳಿಯುವುದೇ ಅಪರೂಪ. ಆದರೂ ಚಕ್ರ ಕಾದಿದೆ ಎಂದರೆ, ಬಿಟ್ಟ ಮೇಲೂ ಬ್ರೇಕ್ ಹಿಡಿದುಕೊಂಡೇ ಇದೆ ಎಂದರ್ಥ. ಒಂದೇ ಚಕ್ರ ಕಾದಿದ್ದರೆ ಆ ಚಕ್ರದ ಕ್ಯಾಲಿಪರನ್ನೋ ಹೋಸನ್ನೋ ಅನುಮಾನಿಸಬಹುದಿತ್ತು. ನಾಲ್ಕೂ ಕಾದಿದ್ದರಿಂದ ತಪ್ಪು ನಾಲ್ಕಕ್ಕೂ ಸಾಮಾನ್ಯವಾದ ಜಾಗದಲ್ಲಿರಬೇಕು. "ತಣ್ಣಗಾದ್ರೆ ಸರಿಯಾಗ್ಬಿಡುತ್ತೆ, ಆಮೇಲೆ ಏನೂ ಸಿಗಲ್ಲ, ಬಿಸಿ ಇರುವಾಗ್ಲೇ ನೋಡ್ಬೇಕು" ಎನ್ನುತ್ತಾ ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟರು. ಕೈಯಲ್ಲಿ ತಿರುಗಿಸಿದರೆ ಅದು ಅಲುಗಲಿಲ್ಲ. ಬ್ಲೀಡರ್ ನಿಪ್ಪಲ್ ಸಡಿಲಿಸಿದಾಗ ದ್ರವ ಚಿಮ್ಮಿತು, ಚಕ್ರ ಹಗುರವಾಗಿ ತಿರುಗಿತು. ಅಲ್ಲಿಗೆ ಕ್ಯಾಲಿಪರ್ ನಿರಪರಾಧಿ. ಎಲ್ಲೋ ಒತ್ತಡ ಸಿಕ್ಕಿಹಾಕಿಕೊಂಡಿದೆ. ನಿಪ್ಪಲ್ ಬಿಗಿದು, ಬ್ರೇಕ್ ತುಳಿದು, ಚಕ್ರ ಮತ್ತೆ ಹಿಡಿದುಕೊಳ್ಳುವಂತೆ ಮಾಡಿದರು. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿನಿಂದ ಕೊಂಚ ಸಡಿಲಿಸಿದರೂ ಬಿಡಲಿಲ್ಲ. ಹಾಗಾದರೆ ಹಿಂದಿನ ತಳ್ಳುಕಡ್ಡಿಯ ತಪ್ಪಲ್ಲ. ಸಿಲಿಂಡರಿನ ಬುಡದಲ್ಲೇ ಪೈಪಿನ ಕೀಲು ಸಡಿಲಿಸಿದಾಗ ಚಕ್ರ ಬಿಟ್ಟಿತು. ಹಾಗಾದರೆ ಹೋಸಿನದೂ ತಪ್ಪಲ್ಲ. ಉಳಿದದ್ದು ಮಾಸ್ಟರ್ ಸಿಲಿಂಡರ್ ಒಂದೇ.

ಆಕರಗಳ ಸತ್ಯಾಸತ್ಯತೆ ನೋಡುವ ಕ್ರಮ ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದು ಇದನ್ನೇ. ಕಣ್ಣಿಗೆ ಕಂಡ ಪರಿಣಾಮದಿಂದ ಹಿಂದೆ ಹಿಂದೆ ಹೋಗಬೇಕು, ಒಬ್ಬೊಬ್ಬ ಸಾಕ್ಷಿಯನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು.

ಗ್ಯಾರೇಜಿಗೆ ಬಂದು ದ್ರವದ ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿನ ರಬ್ಬರ್ ಊದಿ ವಿಕಾರವಾಗಿತ್ತು. ಚಿಕ್ಕಪ್ಪ ಒಂದು ಲೋಟ ನೀರು ತರಿಸಿ ಆ ದ್ರವದ ನಾಲ್ಕು ಹನಿ ಹಾಕಿದರು. ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲಿತು. ಇಂದಿನ ಬ್ರೇಕ್ ದ್ರವ ನೀರಿನಲ್ಲಿ ಕರಗುತ್ತದೆ, ತೇಲುವುದು ಎಣ್ಣೆ. ಯಾರೋ ಅದಕ್ಕೆ ಎಂಜಿನ್ ಆಯಿಲ್ ಸುರಿದಿದ್ದರು.

ಸುರಿದವನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗ. "ಬ್ರೇಕ್ ಆಯಿಲ್ ಕಮ್ಮಿ ಇದ್ರೆ ಹಾಕು ಅಂದಿದ್ದು ನೀವೇ ಅಲ್ವಾ? ಆಯಿಲ್ಲೇ ಹಾಕಿದೀನಿ" ಎಂದ. ಚಿಕ್ಕಪ್ಪನ ಮುಖ ಕೆಂಪೇರಿತು. "ನಾಳೆಯಿಂದ ಬರ್ಬೇಡ" ಎಂದುಬಿಟ್ಟರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗ ಮಾಡಿದ್ದು ತಪ್ಪೇ. ಆದರೆ ಆ ತಪ್ಪಿಗೆ ಒಂದು ಚರಿತ್ರೆಯಿತ್ತು.

ಬ್ರೇಕಿನ ಚರಿತ್ರೆಯೆಂದರೆ ಕಾವಿನ ಜೊತೆಗಿನ ಜಗಳದ ಚರಿತ್ರೆ. ನಾಲ್ಕು ಟನ್ ತೂಕ ನೂರು ಮೀಟರ್ ಎತ್ತರದಿಂದ ಇಳಿಯುವಾಗ ಎಂಜಿನ್ನಿನ ನೆರವಿಲ್ಲದೆ ಬ್ರೇಕೊಂದೇ ತಡೆದರೆ, ಹುಟ್ಟುವ ಶಾಖ ಸುಮಾರು 11 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. 1897ರಲ್ಲಿ ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಈ ಜಗಳಕ್ಕಿಳಿದ. ಅಲ್ಲಿನ ಕುದುರೆಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ಕಟ್ಟಿಗೆಗೆ ಹಳೆಯ ಬೂಟು ಕಟ್ಟಿ ಚಕ್ರಕ್ಕೆ ಒತ್ತುವುದನ್ನು ಕಂಡು, ಅದಕ್ಕಿಂತ ಒಳ್ಳೆಯ ಪಟ್ಟಿ ಮಾಡಲು ಹೊರಟವನು ಆತ. ಹತ್ತಿಯ ಪಟ್ಟಿ ಕಾವಿಗೆ ಕರಕಲಾಗುತ್ತಿತ್ತು. 1908ರ ಸುಮಾರಿಗೆ ಕಲ್ನಾರಿನ ಮೊರೆಹೋದ. ಆ ಕಲ್ನಾರಿನ ಧೂಳು ಕೆಲಸಗಾರರ ಶ್ವಾಸಕೋಶವನ್ನು ತಿನ್ನುತ್ತದೆಂದು ಜಗತ್ತು ಒಪ್ಪಿಕೊಳ್ಳಲು ದಶಕಗಳೇ ಬೇಕಾದವು.

ಅಮೆರಿಕದಲ್ಲಿ ಮಾಲ್ಕಮ್ ಲಾಕ್‌ಹೀಡ್ ಸರಳು, ತಂತಿಗಳ ಬದಲು ದ್ರವದ ಒತ್ತಡದಿಂದ ನಾಲ್ಕೂ ಚಕ್ರಗಳನ್ನು ಸಮನಾಗಿ ಹಿಡಿಯುವ ಬ್ರೇಕ್ ರೂಪಿಸಿದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿಗೆ ಇಂಥ ಬ್ರೇಕ್ ಬಂತು. ಲಾಕ್‌ಹೀಡ್ ಮೊದಲು ಬಳಸಿದ್ದು ಚರ್ಮದ ಕಪ್‌ಗಳನ್ನು, ಅವು ಸೋರುತ್ತಿದ್ದವು. 1924ರ ಕ್ರೈಸ್ಲರ್ ಕಾರಿನ ಹೊತ್ತಿಗೆ ಅವುಗಳ ಜಾಗಕ್ಕೆ ರಬ್ಬರ್ ಬಂದಿತ್ತು. ಅಲ್ಲಿಂದಾಚೆಗೆ ಬ್ರೇಕಿನ ಪ್ರಾಣವಿರುವುದು ರಬ್ಬರಿನಲ್ಲಿ. ಆ ರಬ್ಬರಿಗೆ ಒಗ್ಗುವ ದ್ರವವಷ್ಟೇ ಅದಕ್ಕೆ ಸಲ್ಲುತ್ತದೆ.

ಆಗ ಬಹುಕಾಲ ಬಳಕೆಯಲ್ಲಿದ್ದ ದ್ರವ ಯಾವುದು ಗೊತ್ತೇ? ಹರಳೆಣ್ಣೆ ಮತ್ತು ಆಲ್ಕೋಹಾಲ್‌ನ ಮಿಶ್ರಣ. ನಮ್ಮ ಎತ್ತಿನ ಗಾಡಿಯ ಕೀಲಿಗೆ ಹಾಕುತ್ತಿದ್ದ ಅದೇ ಹರಳೆಣ್ಣೆ. ಸಹಜ ರಬ್ಬರನ್ನು ಹರಳೆಣ್ಣೆ ಊದಿಸುವುದಿಲ್ಲ. ಅಂದರೆ ಒಂದು ಕಾಲಕ್ಕೆ 'ಬ್ರೇಕ್ ಆಯಿಲ್' ಎಂಬ ಮಾತು ಅಕ್ಷರಶಃ ಸರಿಯಾಗಿತ್ತು. ಗಾಡಿಗಳ ವೇಗ ಹೆಚ್ಚಿತು, ಕಾವು ಹೆಚ್ಚಿತು, ಆಲ್ಕೋಹಾಲ್ ಬೇಗ ಕುದಿಯತೊಡಗಿತು. ದ್ರವ ಕುದಿದು ಆವಿಯಾದರೆ ಪೆಡಲ್ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಹೀಗಾಗಿ ಗ್ಲೈಕಾಲ್ ಜಾತಿಯ ದ್ರವಗಳು ಬಂದವು. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೂ 140ಕ್ಕಿಂತ ಕೆಳಗಿಳಿಯಬಾರದು.

ಡಬ್ಬಿಯೊಳಗಿನಿಂದ ಎಣ್ಣೆ ಹೋಯಿತು, ನಾಲಿಗೆಯ ಮೇಲೆ ಉಳಿಯಿತು. ಕಲ್ಲೆಣ್ಣೆಯಿಂದ ತೆಗೆದ ಎಂಜಿನ್ ಆಯಿಲ್ ಸೇರಿದರೆ ಬ್ರೇಕಿನ ರಬ್ಬರ್ ಕಪ್ ಊದುತ್ತದೆ. ದ್ರವ ಹಿಂದಿರುಗಬೇಕಾದ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಒತ್ತಡ ಒಳಗೇ ಉಳಿದು ಚಕ್ರ ಕಾಯುತ್ತದೆ, ಕಾದ ದ್ರವ ಹಿಗ್ಗಿ ಹಿಡಿತ ಇನ್ನೂ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಕಾವು. ಏರುವಾಗ ತಿಳಿದದ್ದು ನಮ್ಮ ಪುಣ್ಯ. ಇಳಿಯುವಾಗಲಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಮಾತಾಡಲಿಲ್ಲ. ಬಿಡಿಭಾಗದ ಅಂಗಡಿಯ ಹಳೆಯ ಬಿಲ್ಲೊಂದನ್ನು ಮೇಜಿನಿಂದ ತೆಗೆದು ನೋಡಿದರು. ಅದರಲ್ಲೂ 'ಬ್ರೇಕ್ ಆಯಿಲ್' ಎಂದೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಫೋನ್ ತೆಗೆದು, "ಎಲ್ಲಿದೀಯೋ? ಬಾ, ಕೆಲಸ ಇದೆ" ಎಂದರು.

ಮಾಸ್ಟರ್ ಸಿಲಿಂಡರ್, ಹೋಸ್‌ಗಳು, ನಾಲ್ಕು ಚಕ್ರಗಳ ರಬ್ಬರ್, ಎಲ್ಲವನ್ನೂ ಬದಲಿಸಿ ಪೈಪುಗಳನ್ನು ತೊಳೆಯಲು ಎರಡು ದಿನ ಹಿಡಿಯಿತು. ಅಷ್ಟನ್ನೂ ಆ ಹುಡುಗನ ಕೈಯಲ್ಲೇ ಮಾಡಿಸಿದರು. ಕೊನೆಗೆ ನಾನು, "ಇನ್ನು ಮೇಲೆ ಇದನ್ನ ಏನಂತ ಕರೆಯೋದು? ಬ್ರೇಕ್ ದ್ರವ ಅನ್ನೋಣವಾ?" ಎಂದು ಕೇಳಿದೆ. ಇಬ್ಬರೂ ನಕ್ಕರು.

"ಡಾಟ್ ಅಂದ್ರೆ ಸಾಕಣ್ಣ, ಡಬ್ಬಿ ಮೇಲೆ ಹಾಗೇ ಇದೆ" ಎಂದ ಹುಡುಗ.

ಡಾಟ್ ಎಂದರೆ ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಅದನ್ನು ಅವನಿಗೆ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಪದವೆಂದು ದಿನಾಂಕ ಹಾಕಿ ಬರೆದುಕೊಂಡೆ.