ಮದ್ಯ ಹಿಂತೆಗೆತ

ಬಹುಕಾಲ ವಿಪರೀತ ಕುಡಿದು ದೇಹ ಮದ್ಯಕ್ಕೆ ಒಗ್ಗಿಹೋದವರು ಅದನ್ನು ಥಟ್ಟನೆ ನಿಲ್ಲಿಸಿದಾಗ ಅಥವಾ ತೀರಾ ಕಡಿಮೆ ಮಾಡಿದಾಗ ಕಾಣಿಸಿಕೊಳ್ಳುವ ಕಾಯಿಲೆ. ಬಹುಪಾಲು ಮಂದಿಯಲ್ಲಿ ಇದು ಕೈನಡುಕ, ಬೆವರು, ನಿದ್ದೆಗೇಡುಗಳಲ್ಲೇ ಮುಗಿಯುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಸನ್ನಿ ಹಿಡಿಯುತ್ತದೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಅಪರೂಪಕ್ಕೆ ಒಂದೆರಡು ಪೆಗ್ ಹಾಕುವವರಿಗೆ ಈ ಭಯವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ‘ನೈಂಟಿ’ ಒಳಗೆ ಹೋದ ಮೇಲಷ್ಟೇ ಲೋಟ ಹಿಡಿಯುವಷ್ಟು ಸ್ಥಿಮಿತಕ್ಕೆ ಬರುವವರಿಗೆ ಖಂಡಿತ ಇದೆ.

ನರಕೋಶಗಳ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಮದ್ಯ ಹೆಚ್ಚಿಸುತ್ತದೆ. ಉದ್ರೇಕಿಸುವ ಗ್ಲುಟಮೇಟಿನ ಕೆಲಸವನ್ನು ತಗ್ಗಿಸುತ್ತದೆ. 180 ಮಿ.ಲೀ. ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ವರ್ಷಗಟ್ಟಲೆ ದಿನವೂ ಇಷ್ಟು ಒಳಗೆ ಬಿದ್ದರೆ, ಆ ಮಂಪರಿನಲ್ಲೂ ಎಚ್ಚರವಾಗಿ ಉಳಿಯಲು ಮೆದುಳು ತನ್ನನ್ನೇ ತಿದ್ದಿಕೊಳ್ಳುತ್ತದೆ: ಗಾಬಾಕ್ಕೆ ಸ್ಪಂದಿಸುವುದು ಕಡಿಮೆಯಾಗುತ್ತದೆ, ಗ್ಲುಟಮೇಟಿನ ಗ್ರಾಹಕಗಳು ಹೆಚ್ಚುತ್ತವೆ. ಹಗ್ಗಜಗ್ಗಾಟದಲ್ಲಿ ಎದುರಿನವರು ಏಕಾಏಕಿ ಕೈಬಿಟ್ಟರೆ ಈಚೆಯವರು ಅಂಗಾತ ಬೀಳುವ ಹಾಗೆ, ಮದ್ಯ ನಿಂತ ಗಳಿಗೆಯಿಂದ ಉದ್ರೇಕಕ್ಕೆ ಎದುರು ಎಳೆಯುವ ಶಕ್ತಿಯೇ ಇಲ್ಲದಾಗುತ್ತದೆ. ‘ಛಲವಿದ್ದರೆ ಒಂದೇ ದಿನಕ್ಕೆ ಬಿಡಬಹುದು’ ಎನ್ನುವ ಮಾತು ಅಪಾಯಕಾರಿಯಾಗುವುದು ಇಲ್ಲೇ. ಛಲದಿಂದ ಫಿಟ್ಸ್ ತಡೆಯಲಾಗದು.

ಕೊನೆಯ ಗುಟುಕಿನಿಂದ ಆರರಿಂದ ಹನ್ನೆರಡು ಗಂಟೆಗಳಲ್ಲಿ ನಡುಕ, ಎದೆಬಡಿತ, ವಾಕರಿಕೆ, ತಳಮಳ ಶುರುವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಹಿಂದೆಂದೂ ಮೂರ್ಛೆರೋಗ ಇಲ್ಲದಿದ್ದವರಿಗೂ ಬರುತ್ತದೆ. ಕೆಲವರಿಗೆ ಮೈಮೇಲೆ ಎಚ್ಚರವಿದ್ದೂ ಇಲ್ಲದ ದನಿಗಳು ಕೇಳಿಸುತ್ತವೆ.

ಎಲ್ಲಕ್ಕಿಂತ ಘೋರವಾದದ್ದು ಡೆಲಿರಿಯಂ ಟ್ರೆಮೆನ್ಸ್ ಎಂಬ ನಡುಕಸನ್ನಿ. ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಕಳೆದ ಮೇಲೆ ಬರುತ್ತದೆ, ‘ಎರಡು ದಿನ ದಾಟಿತು, ಇನ್ನೇನು ತೊಂದರೆಯಿಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ. ಕಾಲು ಮುರಿದು ಆಸ್ಪತ್ರೆ ಸೇರಿದವನು ಮೂರನೆಯ ರಾತ್ರಿ ಇದು ಯಾವ ಊರೆಂದು ತಿಳಿಯದೆ ಎದ್ದು ಹೊರಡುತ್ತಾನೆ, ಹೊದಿಕೆಯ ಮೇಲಿಂದ ಇಲ್ಲದ ಹುಳಗಳನ್ನು ಹೆಕ್ಕುತ್ತಾನೆ. ಚಾಲಕನಾಗಿದ್ದರೆ ಹಾಸಿಗೆಯಲ್ಲೇ ಕೂತು ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಾನೆ. ದರ್ಜಿಯ ಕೈ ಕಾಣದ ಬಟ್ಟೆಯನ್ನು ಹೊಲಿಗೆ ಯಂತ್ರಕ್ಕೆ ದೂಡುತ್ತಿರುತ್ತದೆ. ಜ್ವರ ಏರುತ್ತದೆ, ಮೈಯೆಲ್ಲ ಬೆವರುತ್ತದೆ, ನಾಡಿ ಓಡುತ್ತದೆ. ಇದನ್ನು ಕಂಡು ಗಾಳಿ ಸೋಕಿದೆಯೆಂದು ಮಂತ್ರ ಹಾಕಿಸಲು ಕರೆದೊಯ್ಯುವವರಿದ್ದಾರೆ. ಹಾಗೆ ಕಳೆದ ಒಂದೊಂದು ಗಂಟೆಯೂ ಜೀವಕ್ಕೆ ಎರವು. ಹೃದಯದ ಲಯ ತಪ್ಪುವುದು, ನೀರಿನಂಶ ಬತ್ತುವುದು, ನ್ಯುಮೋನಿಯಾ, ಬಿದ್ದು ತಲೆಗೆ ಏಟಾಗುವುದು ಸಾವಿಗೆ ಕಾರಣವಾಗುತ್ತವೆ. ಹಿಂದಿನ ಕಾಲದಲ್ಲಿ ಇಂಥ ರೋಗಿಗಳಲ್ಲಿ ಮೂರನೇ ಒಂದು ಭಾಗದವರೆಗೂ ಸಾಯುತ್ತಿದ್ದರು. ಸಕಾಲದ ಚಿಕಿತ್ಸೆಯಿಂದ ಈಗ ಅದು ಶೇ. 5ಕ್ಕಿಂತ ಕೆಳಗಿಳಿದಿದೆ.

ಈ ಸನ್ನಿಗೆ ಹೆಸರಿಟ್ಟು ವಿವರಿಸಿದವನು ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್, 1813ರಲ್ಲಿ. ಆದರೆ ಕಾರಣ ಕುಡಿತವೋ, ಕುಡಿತ ನಿಂತದ್ದೋ, ಅಪೌಷ್ಟಿಕತೆಯೋ ಎಂಬ ಚರ್ಚೆ ಮುಂದಿನ ಶತಮಾನದವರೆಗೂ ನಡೆಯಿತು. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು, ಚೆನ್ನಾಗಿ ಊಟ ಮಾಡುತ್ತಿದ್ದವರಿಗೆ ವಾರಗಟ್ಟಲೆ ಮದ್ಯ ಕೊಟ್ಟು ಹಠಾತ್ತನೆ ನಿಲ್ಲಿಸಿದರು. ಫಿಟ್ಸ್ ಮತ್ತು ಸನ್ನಿ ಎರಡೂ ಕಾಣಿಸಿಕೊಂಡವು. 1955ರಲ್ಲಿ ಪ್ರಕಟವಾದ ಈ ಪ್ರಯೋಗ ವಿವಾದವನ್ನು ಬಗೆಹರಿಸಿತಾದರೂ, ಮನುಷ್ಯರನ್ನು ಅಂಥ ಅಪಾಯಕ್ಕೆ ಒಡ್ಡುವುದನ್ನು ಇಂದು ಯಾವ ನೈತಿಕ ಸಮಿತಿಯೂ ಒಪ್ಪದು.

ಕುಡಿತ ಹಠಾತ್ತನೆ ನಿಲ್ಲುವ ಸಂದರ್ಭಗಳು ನಮ್ಮಲ್ಲಿ ಹಲವು. ಅಪಘಾತ, ಶಸ್ತ್ರಚಿಕಿತ್ಸೆ, ಜೈಲುವಾಸ, ಕೈಯಲ್ಲಿ ಕಾಸಿಲ್ಲದಿರುವುದು, ಅಯ್ಯಪ್ಪನ ಮಾಲೆ ಧರಿಸುವುದು. ವ್ರತ ಹಿಡಿಯುವ ಮನಸ್ಸು ದೊಡ್ಡದು; ಮಾಲೆ ಹಾಕುವ ಕೆಲವು ವಾರ ಮೊದಲೇ ವೈದ್ಯರನ್ನು ಕಂಡರೆ ವ್ರತವೂ ಸಾಗುತ್ತದೆ, ಜೀವವೂ ಉಳಿಯುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಇಡೀ ದೇಶದಲ್ಲಿ ಒಮ್ಮೆಲೇ ಮದ್ಯ ಸಿಗದಾಯಿತು. ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಸನ್ನಿಯಿಂದ ಬರುವವರ ಸಂಖ್ಯೆ ಏರಿತು. ಕೇರಳ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಆದೇಶಿಸಿತು. ವೈದ್ಯರು ವಿರೋಧಿಸಿದರು, ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟ್ ತಡೆ ನೀಡಿತು. ಕರ್ನಾಟಕದಲ್ಲಿ ಮದ್ಯದಂಗಡಿಗಳು ತೆರೆದದ್ದು ಮೇ 4ರಂದು.

ಚಿಕಿತ್ಸೆ ಸುಲಭ, ಬಹುತೇಕ ಜಿಲ್ಲಾಸ್ಪತ್ರೆಗಳಲ್ಲೂ ಸಿಗುವಂಥದ್ದು. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಂ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತ ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟವರಿಗೆ ಲೊರಾಜೆಪಾಂ. ಇವುಗಳನ್ನು ಅಂಗಡಿಯಿಂದ ತಂದು ತಾವೇ ನುಂಗುವುದು, ಅದರಲ್ಲೂ ಮದ್ಯದ ಜೊತೆ, ಉಸಿರನ್ನೇ ನಿಲ್ಲಿಸಬಹುದು. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಬೇಕೇಬೇಕು. ಗ್ಲುಕೋಸ್ ಡ್ರಿಪ್ ಹಾಕುವುದಾದರೆ ಅದಕ್ಕೂ ಮೊದಲು. ಈ ಜೀವಸತ್ವದ ಕೊರತೆಯಿಂದ ಬರುವ ವರ್ನಿಕೆ ರೋಗ ಕಣ್ಣಿನ ಚಲನೆಯನ್ನೂ ನಡಿಗೆಯನ್ನೂ ಕೆಡಿಸಿ, ನಿರ್ಲಕ್ಷಿಸಿದರೆ ನೆನಪಿನ ಶಕ್ತಿಯನ್ನು ಶಾಶ್ವತವಾಗಿ ಕಿತ್ತುಕೊಳ್ಳುತ್ತದೆ.

ಪದೇ ಪದೇ ಬಿಟ್ಟು ಮತ್ತೆ ಕುಡಿಯುವವರಲ್ಲಿ ಪ್ರತಿ ಸಲದ ಹಿಂತೆಗೆತ ಹಿಂದಿನದಕ್ಕಿಂತ ಉಗ್ರವಾಗುವುದುಂಟು. ಒಮ್ಮೆ ಫಿಟ್ಸ್ ಅಥವಾ ಸನ್ನಿ ಬಂದಿದ್ದವರು, ವಯಸ್ಸಾದವರು, ಬೇರೆ ಕಾಯಿಲೆಯಿರುವವರು ಮನೆಯಲ್ಲಿ ಪ್ರಯತ್ನಿಸದೆ ದಾಖಲಾಗುವುದೇ ಸರಿ. ಕುಡಿತ ಬಿಡಿಸಲೆಂದು ಮನೆಯವರು ಕಾಫಿಯಲ್ಲೋ ಸಾರಿನಲ್ಲೋ ಗುಟ್ಟಾಗಿ ಡೈಸಲ್ಫಿರಾಂ ಪುಡಿ ಬೆರೆಸುವುದಂತೂ ಕೂಡದು. ಅದು ದೇಹದಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಸಾವು ಸಂಭವಿಸಬಹುದು. ಹಿಂತೆಗೆತಕ್ಕೆ ಅದು ಮದ್ದೂ ಅಲ್ಲ.

ದಿನವೂ ಕುಡಿಯುವವರು ಬಿಡಲು ಮನಸ್ಸು ಮಾಡಿದ್ದರೆ ಬಿಡಲೇಬೇಕು, ಆದರೆ ವೈದ್ಯರನ್ನು ಕಂಡು ಬಿಡಲಿ. ಅವರನ್ನು ಕಾಣುವವರೆಗೆ ಒಮ್ಮೆಲೇ ನಿಲ್ಲಿಸದೆ ಪ್ರಮಾಣ ನಿಧಾನವಾಗಿ ತಗ್ಗಿಸಲಿ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416. ಫಿಟ್ಸ್ ಬಂದರೆ, ಮಾತು ತಡವರಿಸಿ ಗುರುತು ತಪ್ಪಿದರೆ, ಜ್ವರದೊಂದಿಗೆ ನಡುಕ ಏರಿದರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆ ಮಾಡಿ.