ಸೂರಿನಡಿಯ ಯಂತ್ರ: ಹುಣಸೂರು ಸೀಮೆಯಲ್ಲಿ ಸ್ಕಿಡ್ ಸ್ಟಿಯರ್ ಲೋಡರಿನ ನೆಲೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲೂಕುಗಳಲ್ಲಿ ಮಣ್ಣಿನ ಕೆಲಸವೆಂದರೆ ಜೆಸಿಬಿ. ಕೃಷಿ ಹೊಂಡ, ಶುಂಠಿ ಹೊಲದ ಬಸಿಗಾಲುವೆ, ಮನೆ ಪಾಯ, ಕಾಡಂಚಿನ ಆನೆ ಕಂದಕ, ತಿಪ್ಪೆ ಗೊಬ್ಬರವನ್ನು ಟ್ರೇಲರಿಗೆ ತುಂಬುವುದು, ಎಲ್ಲಕ್ಕೂ ಅದನ್ನೇ ಕರೆಯುತ್ತಾರೆ. ಹೀಗಿರುವಾಗ ಸ್ಕಿಡ್ ಸ್ಟಿಯರ್ ಲೋಡರಿಗೆ ಇಲ್ಲಿ ಕೆಲಸವಿದೆಯೇ? ಇದೆ, ಆದರೆ ಬಯಲಿನಲ್ಲಲ್ಲ ಎಂಬುದು ಈ ಟಿಪ್ಪಣಿಯ ವಾದ.

ಈ ಲೋಡರ್ ಹುಟ್ಟಿದ್ದೇ ಸೂರಿನಡಿಯ ಕೆಲಸಕ್ಕೆ. ಅಮೆರಿಕದ ಮಿನೆಸೋಟ ರಾಜ್ಯದ ರೋಥ್ಸೇ ಎಂಬ ಊರಿನಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಸಹೋದರರು 1957ರಲ್ಲಿ ಟರ್ಕಿ ಕೋಳಿ ಸಾಕುವ ರೈತನೊಬ್ಬನಿಗೆ ಇದನ್ನು ಮಾಡಿಕೊಟ್ಟರು. ಕಂಬಗಳ ನಡುವೆ ನುಸುಳಬೇಕು, ಕೋಳಿಮನೆಯ ಮಹಡಿಯ ಮೇಲೂ ಓಡುವಷ್ಟು ಹಗುರವಾಗಿರಬೇಕು, ಗೊಬ್ಬರ ಬಾಚಬೇಕು ಎಂಬುದು ಆತನ ಬೇಡಿಕೆ. ಆಗ ಅದಕ್ಕಿದ್ದದ್ದು ಮೂರು ಚಕ್ರ. ಮರುವರ್ಷ ನಾರ್ತ್ ಡಕೋಟದ ಮೆಲ್ರೋ ಕಂಪನಿ ಅದರ ತಯಾರಿಕೆಯನ್ನು ಕೈಗೆತ್ತಿಕೊಂಡಿತು. 1960ರ ಎಂ-400 ಮಾದರಿಗೆ ನಾಲ್ಕು ಚಕ್ರ ಬಂದವು. ಬಾಬ್‌ಕ್ಯಾಟ್ ಎಂಬ ಹೆಸರು 1962ರದು.

ಇದರ ಚಕ್ರಗಳು ಕಾರಿನ ಚಕ್ರಗಳಂತೆ ಓರೆಯಾಗುವುದಿಲ್ಲ. ಎಡಬದಿಯ ಎರಡು ಚಕ್ರಗಳದು ಒಂದು ಚಾಲನೆ, ಬಲಬದಿಯವುಗಳದು ಇನ್ನೊಂದು. ಒಂದು ಬದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸಿದರೆ ಯಂತ್ರ ನೆಲವನ್ನು ಉಜ್ಜುತ್ತಾ ನಿಂತಲ್ಲೇ ಸುತ್ತುತ್ತದೆ. ಬಹುಪಾಲು ಮಾದರಿಗಳ ತೂಕ ಎರಡೂವರೆಯಿಂದ ಮೂರೂವರೆ ಟನ್, ಅಗಲ ಐದಾರು ಅಡಿ. ನಮ್ಮಲ್ಲಿ ಬಾಡಿಗೆಗೆ ಬರುವ ಜೆಸಿಬಿ ಸುಮಾರು ಏಳೂವರೆ ಟನ್ನಿನದು. ಬಕೆಟ್ ಕಳಚಿ ಫೋರ್ಕ್, ಗುಡಿಸುವ ಬ್ರಷ್, ಮರ ಹಿಡಿಯುವ ಇಕ್ಕಳ, ಗುಂಡಿ ಕೊರೆಯುವ ಆಗರ್ ಜೋಡಿಸಲು ಕೆಲವೇ ನಿಮಿಷ ಸಾಕು.

ಆದರೆ ಆ ಉಜ್ಜುವಿಕೆಯೇ ಇದರ ದೌರ್ಬಲ್ಯವೂ ಹೌದು. ಕೆ.ಆರ್.ನಗರದ ಗದ್ದೆಯ ಹಸಿ ನೆಲದಲ್ಲಿ ತಿರುಗಿಸಿದರೆ ಚಕ್ರ ಹೂತು ಮಣ್ಣು ಕಲಸಿಹೋಗುತ್ತದೆ. ಭತ್ತ ಹರಡಿದ ಕಣದ ಮೇಲೆ ತಿರುಗಿಸಿದರೆ ಟೈರಿನಡಿ ಕಾಳು ಒಡೆಯುತ್ತದೆ. ಟೈರಿಗೆ ಸವೆತ ಹೆಚ್ಚು. ಹಿಂದೆ ಅಗೆಯುವ ತೋಳಿಲ್ಲ. ಜೋಡಿಸಿಕೊಂಡರೂ ಜೆಸಿಬಿಯಷ್ಟು ಆಳಕ್ಕೆ ಇಳಿಯದು. ಹತ್ತೂರಿನ ಬಾಡಿಗೆಯನ್ನೇ ನೆಚ್ಚಿದ ಮಾಲೀಕನಿಗೆ ಅಗೆಯದ ಯಂತ್ರದಿಂದ ಕಂತು ಕಟ್ಟುವುದು ಕಷ್ಟ.

ತಂಬಾಕಿನ ಕೆಲಸದಲ್ಲೂ ಇದಕ್ಕೆ ಹೆಚ್ಚಿನ ಅವಕಾಶ ಕಾಣದು. ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಎಲೆ ಹದ ಮಾಡುವ ಬ್ಯಾರನ್ನಿಗೆ ಏರಿಸುವುದು ಎಲ್ಲವೂ ಕೈಕೆಲಸ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಬೇಲು ಸಾಗಿಸಲು ಹಮಾಲರಿದ್ದಾರೆ, ಅವರ ಕೂಲಿಯ ಪ್ರಶ್ನೆಯೂ ಇದೆ. ಬ್ಯಾರನ್ನಿನ ಸೌದೆ, ದಿಮ್ಮಿ ಎತ್ತುವಲ್ಲಿ ಮಾತ್ರ ಇಕ್ಕಳ ನೆರವಾದೀತು.

ನಿಜವಾದ ಅವಕಾಶ ಇರುವುದು ಅಕ್ಕಿ ಗಿರಣಿಯಿಂದ ಕೋಳಿಫಾರಂವರೆಗಿನ ಸರಪಳಿಯಲ್ಲಿ. ಗಿರಣಿಯ ಹೊಟ್ಟು ಕೋಳಿಮನೆಯ ನೆಲಕ್ಕೆ ಹಾಸಾಗುತ್ತದೆ. ಒಂದು ಬ್ಯಾಚ್ ಕೋಳಿ ಎತ್ತಿದ ಮೇಲೆ ಅದೇ ಹೊಟ್ಟು ಹಿಕ್ಕೆ ಸೇರಿ ಗೊಬ್ಬರವಾಗುತ್ತದೆ, ಟ್ರೇಲರ್ ಏರಿ ಶುಂಠಿ ಹೊಲ ಸೇರುತ್ತದೆ. ಇದನ್ನು ಬಾಚುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಮೋನಿಯ ಘಾಟಿಗೆ ಕಣ್ಣುರಿಸಿಕೊಂಡು, ಗುದ್ದಲಿಯಲ್ಲಿ ಎಳೆದು ಮಂಕರಿ ತುಂಬಬೇಕು. ಕೆಲ್ಲರ್ ಸಹೋದರರು ಬಿಡಿಸಿದ ತೊಡಕೂ ಇಂಥದ್ದೇ. ಶೆಡ್ಡಿನ ಕಂಬಗಳ ನಡುವೆ ಜೆಸಿಬಿ ಹೊರಳಲಾರದು, ಇದು ಹೊರಳುತ್ತದೆ. ಹೈನುಗಾರಿಕೆಯ ದೊಡ್ಡ ಕೊಟ್ಟಿಗೆಗೂ ಗಿರಣಿಯ ಬೂದಿ ತೆಗೆಯುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಅಡ್ಡಿ ಇರುವುದು ಕಟ್ಟಡದಲ್ಲಿ. ನಮ್ಮ ಎಷ್ಟೋ ಕೋಳಿಶೆಡ್ಡುಗಳಿಗೆ ಸುತ್ತ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಜಾಲರಿ, ತುದಿಯಲ್ಲಿ ಆಳು ನುಗ್ಗುವಷ್ಟೇ ಬಾಗಿಲು. ತೆಳು ಗಾರೆಯ ನೆಲ ಮೂರು ಟನ್ ತಾಳದೆ ಬಿರಿಯಬಹುದು. ಸಣ್ಣ ಶೆಡ್ಡಿನವರು ಒಬ್ಬೊಬ್ಬರೇ ಕೊಳ್ಳುವಂಥ ಯಂತ್ರವೂ ಇದಲ್ಲ. ಕರ್ನಾಟಕದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರ್ಯಾಕ್ಟರು, ಟಿಲ್ಲರುಗಳನ್ನು ಬಾಡಿಗೆಗೆ ಕೊಡುತ್ತಿವೆ. ಹತ್ತಾರು ಫಾರಂಗಳ ಬ್ಯಾಚ್ ಮುಗಿಯುವ ದಿನಗಳನ್ನು ಹೊಂದಿಸಿಕೊಂಡರೆ ಒಂದು ಲೋಡರನ್ನೂ ಅದೇ ಮಾದರಿಯಲ್ಲಿ ಸರದಿಯಂತೆ ಓಡಿಸಬಹುದು. ಒಂದು ಫಾರಂನ ರೋಗ ಇನ್ನೊಂದಕ್ಕೆ ಅಂಟದಂತೆ ಚಕ್ರ, ಬಕೆಟ್ ತೊಳೆದೇ ಸಾಗಿಸಬೇಕು.

ಸುರಕ್ಷತೆಯ ಮಾತನ್ನೂ ಇಲ್ಲೇ ಹೇಳಬೇಕು. ಬಹುತೇಕ ಮಾದರಿಗಳಲ್ಲಿ ಚಾಲಕ ಮುಂದಿನಿಂದ, ಎತ್ತುವ ತೋಳುಗಳ ನಡುವೆ ಹತ್ತಬೇಕು. ಆಸನದ ಅಡ್ಡಪಟ್ಟಿ ಇಳಿಸದೆ ತೋಳು ಅಲುಗದಂತೆ ಬೀಗವಿರುವುದು ಅದಕ್ಕಾಗಿಯೇ. ಆ ಬೀಗ ತಪ್ಪಿಸಿ ಓಡಿಸಿದರೆ ಜೀವಕ್ಕೆ ಅಪಾಯ. ಮುಚ್ಚಿದ ಶೆಡ್ಡಿನಲ್ಲಿ ಡೀಸೆಲ್ ಹೊಗೆ ಹೊರಹೋಗಲು ಪರದೆ ಎತ್ತಿರಬೇಕು.

ಮಣ್ಣು ಅಗೆಯುವ ಬಾಡಿಗೆಗೆಂದು ಈ ಯಂತ್ರಕ್ಕೆ ಸಾಲ ಮಾಡುವುದು ಈ ಸೀಮೆಯಲ್ಲಿ ತರವಲ್ಲ. ಹೊಸ ಶೆಡ್ ಕಟ್ಟುವವರು ಮಾತ್ರ ಬಾಗಿಲನ್ನು ಏಳು ಅಡಿ ಬಿಟ್ಟು, ನೆಲಕ್ಕೆ ಗಟ್ಟಿ ಕಾಂಕ್ರೀಟ್ ಹಾಕಿಸಿಕೊಳ್ಳಲಿ.