ಒಂದೇ ಪ್ರಶ್ನೆಪತ್ರಿಕೆ, ಎಲ್ಲ ಕಂಪನಿಗೂ

ಇವತ್ತಿನ ಕಥೆ ಸಾಫ್ಟ್‌ವೇರ್‌ದು. ಗಾಬರಿ ಬೇಡ, ಹೇಳ್ತಿರೋನು ಬಿ.ಕಾಂ. ಓದಿದವನು.

1959. ಅಮೆರಿಕದಲ್ಲಿ ಒಂದು ಕಂಪನಿಯ ಕಂಪ್ಯೂಟರ್‌ಗೆ ಬರೆದ ಸಂಬಳದ ಪ್ರೋಗ್ರಾಂ ಇನ್ನೊಂದು ಕಂಪನಿಯ ಮಷೀನಲ್ಲಿ ಓಡ್ತಿರಲಿಲ್ಲ. ಮಷೀನ್ ಬದಲಾಯ್ತಾ, ಎಲ್ಲ ಮೊದಲಿಂದ ಬರೀರಿ. ಆ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ಸಭೆ ಸೇರಿತು. ವ್ಯವಹಾರದ ಲೆಕ್ಕಕ್ಕೆ ಎಲ್ಲ ಮಷೀನಿಗೂ ಒಂದೇ ಭಾಷೆ ಮಾಡೋಣ ಅಂತ ಹೊರಟರು. ಹುಟ್ಟಿದ್ದು ಕೋಬಾಲ್. 1960ರ ಡಿಸೆಂಬರ್‌ನಲ್ಲಿ ಒಂದೇ ಪ್ರೋಗ್ರಾಂ, ಸಣ್ಣಪುಟ್ಟ ಬದಲಾವಣೆಯೊಂದಿಗೆ, ಆರ್‌ಸಿಎ ಮತ್ತು ಯೂನಿವ್ಯಾಕ್ ಎರಡರಲ್ಲೂ ಓಡಿತು.

ಪೇಚು ಇರೋದು ಇಲ್ಲಿ. ಕೋಬಾಲ್ ಅನ್ನೋದು ಕಾಗದದ ಮೇಲಿನ ಕರಾರು, ಅಷ್ಟೇ. ಅದನ್ನು ಮಷೀನಿಗೆ ಅರ್ಥ ಮಾಡಿಸೋ ಕಂಪೈಲರನ್ನು ಪ್ರತಿ ಕಂಪನಿ ತನ್ನ ಪಾಡಿಗೆ ತಾನು ಬರೀತಿತ್ತು. ‘ನಮ್ಮದೂ ಕೋಬಾಲೇ’ ಅಂತ ಎಲ್ರೂ ಬೋರ್ಡ್ ಹಾಕ್ಕೊಂಡ್ರು. ನಿಜವಾ ಅಂತ ನೋಡೋರು ಯಾರು?

1966ರ ಕೊನೆಗೆ ಗ್ರೇಸ್ ಹಾಪರ್ ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದರು, ವಯಸ್ಸು 60. ಮುಂದಿನ ಆಗಸ್ಟ್‌ನಲ್ಲೇ ವಾಪಸ್ ಕರೆ: ಆರು ತಿಂಗಳ ಮಟ್ಟಿಗೆ ಬನ್ನಿ, ಈ ಗೊಂದಲ ಬಗೆಹರಿಸಿ. (ಆಕೆ ಕೊನೆಗೂ ಸಮವಸ್ತ್ರ ಬಿಚ್ಚಿಟ್ಟಿದ್ದು 1986ರಲ್ಲಿ!)

ನೌಕಾಪಡೆ ಹಿಡಿದ ದಾರಿ ಸರಳ. ಕೋಬಾಲ್‌ನಲ್ಲೇ ಪರೀಕ್ಷೆಯ ಪ್ರೋಗ್ರಾಂಗಳನ್ನು ಬರೆದರು. ಉದಾಹರಣೆಗೆ, ಉತ್ತರ 10.678 ಬಂತು, ಇಡೋ ಜಾಗದಲ್ಲಿ ದಶಾಂಶಕ್ಕೆ ಎರಡೇ ಅಂಕಿ ಅಂದ್ಕೊಳ್ಳಿ. ‘ರೌಂಡೆಡ್’ ಅಂತ ಬರೆದಿದ್ರೆ 10.68 ಆಗಬೇಕು, ಬರೆಯದಿದ್ರೆ 10.67. ಒಂದು ಪೈಸೆ ತಾನೇ ಅಂತೀರಾ? ಲಕ್ಷ ಜನರ ಸಂಬಳಪಟ್ಟಿಯಲ್ಲಿ ಅದನ್ನೇ ಕೂಡಿ ನೋಡಿ, ಕಾಮರ್ಸ್‌ನವರಿಗೆ ಎದೆ ಝಲ್ ಅನ್ನತ್ತೆ. ಪ್ರೋಗ್ರಾಂ ತಾನೇ ಲೆಕ್ಕ ಮಾಡಿ, ಸರಿಯುತ್ತರಕ್ಕೆ ಹೋಲಿಸಿ, ಪಾಸ್ ಅಥವಾ ಫೇಲ್ ಅಂತ ಮುದ್ರಿಸತ್ತೆ. ಅದೇ ಕಟ್ಟು ಎಲ್ಲ ಕಂಪನಿಯ ಕಂಪೈಲರಿಗೂ. ಒಳಗೆ ಹೇಗೆ ಬರೆದಿದ್ದೀರಿ ಅಂತ ಯಾರೂ ಕೇಳಲ್ಲ.

ಇವತ್ತಿನ ಡೆವಲಪರ್‌ಗಳ ಮಾತಲ್ಲಿ: ಇಂಟರ್‌ಫೇಸ್ ಒಂದು, ಇಂಪ್ಲಿಮೆಂಟೇಶನ್ ಹಲವು, ಯೂನಿಟ್ ಟೆಸ್ಟ್ ಮಾತ್ರ ಎಲ್ಲಕ್ಕೂ ಒಂದೇ ಸೆಟ್.

ನನಗೆ ಮಜಾ ಅನ್ಸೋದು ಬೇರೆ. ಇಂಥ ಪರೀಕ್ಷೆಯಲ್ಲಿ ಇಬ್ಬರ ಉತ್ತರ ಬೇರೆ ಬಂದು, ಇಬ್ಬರೂ ಅದೇ ಕರಾರಿನ ಅದೇ ಸಾಲು ತೋರಿಸಿದ್ರೆ? ಆಗ ಫೇಲ್ ಆಗಿದ್ದು ಕಂಪೈಲರ್ ಅಲ್ಲ, ಕರಾರೇ. ಒಂದೇ ಕಂಪೈಲರ್ ಇಟ್ಕೊಂಡು ಕೂತ್ರೆ ಆ ತೂತು ಯಾವತ್ತೂ ಕಾಣಲ್ಲ.

1970ರ ದಶಕದಲ್ಲಿ ಇದು ನೌಕಾಪಡೆ ದಾಟಿ ಇಡೀ ಅಮೆರಿಕ ಸರ್ಕಾರದ ಖರೀದಿಗೆ ಬಂತು. ಸರ್ಕಾರಕ್ಕೆ ಮಾರಬೇಕಾ, ಮೊದಲು ಪರೀಕ್ಷೆಗೆ ಕೂರಿ. ಮುಂದೆ ಬಂದ ‘ಕೋಬಾಲ್ 85’ ಪರೀಕ್ಷೆಯ ಕಟ್ಟು ಈಗ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದು. ಗ್ನೂಕೋಬಾಲ್ ಅನ್ನೋ ಉಚಿತ ಕಂಪೈಲರ್ ಬರೆಯೋರು ಇವತ್ತಿಗೂ ತಮ್ಮ ಕೆಲಸವನ್ನ ಅದೇ ಹಳೇ ಪ್ರಶ್ನೆಪತ್ರಿಕೆಗೆ ಕೂರಿಸ್ತಾರೆ.